ಒಣಗಿದ ಬೆಡ್‌ಶೀಟ್ ಬೇಕು

ಮನೆಯಿಂದ,
ತಾರೀಕು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಸೊಸೆಯ ನಮಸ್ಕಾರ. ಎಲ್ಲಕ್ಕಿಂತ ಮೊದಲು ನಿಮ್ಮ ಮೊಣಕಾಲಿನ ಸುದ್ದಿ ಹೇಳಿ. ಆಪರೇಷನ್ ಆದ ಮೇಲೆ ಮಡಚಲು ಬರುತ್ತಿದೆಯೇ? ಊತ ಇಳಿಯಿತೇ? ಕೋಲು ಹಿಡಿದೇ ಓಡಾಡುತ್ತಿದ್ದೀರಾ, ಇಲ್ಲ ನಾದಿನಿ ಅತ್ತ ತಿರುಗಿದ ಕೂಡಲೇ ಕೋಲನ್ನು ಮೂಲೆಗೆ ಒರಗಿಸಿ ನಡೆದುಬಿಡುತ್ತೀರಾ? ನಿಮ್ಮ ಬುದ್ಧಿ ನನಗೆ ಗೊತ್ತು. ಅವಳ ಮನೆಯ ಬಚ್ಚಲಿನ ನೆಲ ಜಾರುತ್ತದೆ ಎಂದು ಹೋದ ಸಲ ಬಂದಾಗಲೇ ನೋಡಿದ್ದೆ. ಅಲ್ಲೊಂದು ರಬ್ಬರ್ ಚಾಪೆ ಹಾಕಿಸಿದಳೇ? ಅದು ನೆನಪಾದಾಗಲೆಲ್ಲ ನೀವು ಬಿದ್ದ ಹಾಗೆ, ಇಲ್ಲಿಗೆ ಫೋನ್ ಬಂದ ಹಾಗೆ, ನಾವು ಬಸ್ಸು ಸಿಗದೆ ನಿಲ್ದಾಣದಲ್ಲಿ ಪೇಚಾಡಿದ ಹಾಗೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. "ಆಗದೇ ಇರೋದನ್ನೆಲ್ಲ ಕೂತಲ್ಲೇ ಆಗಿಸಿಬಿಡ್ತೀಯಲ್ಲೇ" ಎಂದು ನೀವು ಬೈಯುತ್ತಿದ್ದದ್ದು ಸರಿಯೇ. ಆದರೂ ಚಾಪೆ ಹಾಕಿಸಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮಗನಿಗೆ ನೆಗಡಿ ಬಂದು ಹೋಯಿತು, ಇದ್ದಷ್ಟು ದಿನವೂ ಲೋಕದಲ್ಲೆಲ್ಲ ತಾವೊಬ್ಬರೇ ನೆಗಡಿ ಕಂಡವರು ಎನ್ನುವ ಹಾಗೆ ಇದ್ದರು. ಮೊಮ್ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ, ನಿಮಗೆ ತೋರಿಸಬೇಕೆಂದು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದಾಳೆ. ಈಗ ಕಾಗುಣಿತ ತಿದ್ದುತ್ತೇನೆ ಎಂದು ಬಂದಳು, ಅಜ್ಜಿಗೆ ಬರೆಯುವುದನ್ನು ನೀನು ಓದಬಾರದು ಎಂದು ಓಡಿಸಿದೆ. ನಾನು ಬಿಟ್ಟು ಬಿಟ್ಟು ಓದಿದವಳು, ಒಂದು ವರ್ಷ ಹೋದರೆ ಎರಡು ವರ್ಷ ಮನೆಯಲ್ಲಿ ಇದ್ದವಳು, ತಪ್ಪು ಇದ್ದಲ್ಲಿ ನೀವೇ ಸರಿಮಾಡಿಕೊಂಡು ಓದಿ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಶುರು ಮಾಡಿದರೆ ನನಗೆ ಅಳು ಬರುತ್ತದೆ, ನೀವು ಗಾಬರಿಯಾಗುತ್ತೀರಿ, ವಿಷಯ ಅಲ್ಲೇ ಉಳಿಯುತ್ತದೆ. ಕಾಗದದಲ್ಲಿ ಅತ್ತರೆ ನಿಮಗೆ ಕೇಳಿಸುವುದಿಲ್ಲ.

ವಿಷಯ ಇದು. ನಿಮ್ಮ ಮಗ ಆಗಲೇ ಹೇಳಿರುತ್ತಾರೆ. ಊರಾಚೆಯ ದೊಡ್ಡ ಲಾಂಡ್ರಿ ಕಂಪನಿಯವರು ನನ್ನನ್ನು ಕೆಲಸಕ್ಕೆ ಕರೆದಿದ್ದಾರೆ. ಖಾಯಂ ಕೆಲಸ, ಕೂತು ಮಾಡುವ ಕೆಲಸ. ನಮ್ಮ ಆಸ್ಪತ್ರೆಯ ಲಾಂಡ್ರಿ ಉಳಿಯುತ್ತದೋ ಮುಚ್ಚುತ್ತದೋ ಎಂಬುದು ಬರುವ ಗುರುವಾರ ತೀರ್ಮಾನವಾಗುತ್ತದೆ. ಅದಕ್ಕೆ ಮೊದಲೇ ಅಲ್ಲಿಂದ ಎದ್ದು ಬಾ ಎಂದು ನಿಮ್ಮ ಮಗ ನನ್ನ ಹಿಂದೆ ಬಿದ್ದಿದ್ದಾರೆ, ಅಮ್ಮಾ ನೀನಾದರೂ ಅವಳಿಗೆ ಹೇಳು ಎಂದು ನಿಮ್ಮ ಕಿವಿಯನ್ನೂ ಊದಿರುತ್ತಾರೆ. ಆ ಕಂಪನಿಯ ಮನುಷ್ಯ ಇವತ್ತು ಸಂಜೆ ಫೋನ್ ಮಾಡುತ್ತಾನೆ, ಹೂಂ ಅಥವಾ ಊಹೂಂ ಹೇಳಬೇಕು. ಅಷ್ಟರಲ್ಲಿ ನಿಮ್ಮ ಉತ್ತರ ಬರುವುದಿಲ್ಲ ಎಂದು ನನಗೂ ಗೊತ್ತು. ಆದರೆ ನಿಮ್ಮ ಎದುರು ಕೂತು ಹೇಳಿದ ಹಾಗೆ ಎಲ್ಲವನ್ನೂ ಒಮ್ಮೆ ಬರೆದರೆ ನನಗೇ ದಾರಿ ಕಂಡೀತು ಎಂದು ಕೂತಿದ್ದೇನೆ. ಆ ಲಾಂಡ್ರಿಯಲ್ಲಿ ಆಯುಷ್ಯ ಸವೆಸಿದವರು ನೀವು, ನನ್ನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದವರೂ ನೀವು. ಇನ್ಯಾರಿಗೆ ಹೇಳಲಿ?

ನೀವು ಆಪರೇಷನ್ನಿಗೆ ಹೋಗುವಾಗ ಇದೆಲ್ಲ ಬರೀ ಗುಸುಗುಸು ಆಗಿತ್ತು. ನೀವು ಹೋದ ಮೇಲೆ ಬಾಯಿಬಿಟ್ಟು ಹೇಳುವ ಮಾತಾಯಿತು. ಆಸ್ಪತ್ರೆಯವರು ಬಟ್ಟೆ ಒಗೆಯುವುದನ್ನು ಹೊರಗಿನ ಕಂಪನಿಗೆ ಕೊಡುವ ಯೋಚನೆಯಲ್ಲಿದ್ದಾರೆ, ಅದಕ್ಕೆ ಮೊದಲು ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಲು ಒಬ್ಬರನ್ನು ಕಳಿಸುತ್ತಾರೆ ಎಂದು ನಮ್ಮ ಮೇಲ್ವಿಚಾರಕರು ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಹೇಳಿದವರು ಮರುವಾರ ತಾವೇ ಬೇರೆ ಕಡೆ ಕೆಲಸ ನೋಡಿಕೊಂಡು ಹೊರಟುಹೋದರು. ಕುಡಿದ ಟೀ ಲೋಟವನ್ನೂ ತೊಳೆದಿಡಲಿಲ್ಲ. ಉಳಿದವರು ನಿಮಗೆ ಗೊತ್ತಿರುವವರೇ. ಬಾಯ್ಲರ್ ನೋಡಿಕೊಳ್ಳುವ ಮಾಮ, ಮಡಚುವ ಮೇಜಿನ ನಾವು ನಾಲ್ಕು ಹೆಂಗಸರು, ತೊಳೆಯುವ ಮಷಿನ್ ನಡೆಸುವ ನಮ್ಮ ಗಡಿಬಿಡಿ. (ಆ ಹೆಸರನ್ನು ಅವಳಿಗೆ ಇಟ್ಟವರು ನೀವು. ಈಗ ಅವಳ ಗಂಡನೂ ಹಾಗೆಯೇ ಕರೆಯುತ್ತಾನಂತೆ.) ಮೇಲೆ ಹೇಳುವವರಿಲ್ಲ, ಕೇಳುವವರಿಲ್ಲ. ಬಾಗಿಲು ತೆರೆಯುವುದು, ಹಬೆ ಬಿಡುವುದು, ಒಗೆಯುವುದು, ಬಾಗಿಲು ಹಾಕುವುದು. ಒಂದೊಂದು ದಿನ ಬಾಗಿಲು ಹಾಕುವಾಗ ನಾಳೆ ಇದನ್ನು ತೆರೆಯುತ್ತೇವೋ ಇಲ್ಲವೋ ಎಂದು ಬೀಗದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ.

ನೋಡಲು ಬಂದವಳು ಒಬ್ಬ ಹುಡುಗಿ, ನಮ್ಮ ನಾದಿನಿಗಿಂತಲೂ ಚಿಕ್ಕವಳು. ಕುತ್ತಿಗೆಗೆ ಗುಂಡನೆಯ ಗಡಿಯಾರವೊಂದನ್ನು ನೇತುಹಾಕಿಕೊಂಡು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಮಷಿನ್ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂದು ಬರೆದುಕೊಳ್ಳುತ್ತಿದ್ದಳು. ಗಡಿಯಾರದ ಹುಡುಗಿ ಎಂದೇ ಅವಳಿಗೆ ಹೆಸರು ಬಿತ್ತು. ಒಳ್ಳೆಯವಳೇ, ಯಾರ ಮೇಲೂ ದನಿ ಏರಿಸಿದವಳಲ್ಲ. ಆದರೂ ಅವಳ ಪೆನ್ನು ಅಲ್ಲಾಡಿದಾಗಲೆಲ್ಲ ಏನು ತಪ್ಪಾಯಿತೋ ಎಂದು ಕೈಯಲ್ಲಿದ್ದ ಬಟ್ಟೆಯನ್ನು ತಿರುವಿ ನೋಡುತ್ತಿದ್ದೆ. ಕೆಮ್ಮಿದರೆ ಅದನ್ನೂ ಬರೆದುಕೊಳ್ಳುತ್ತಾಳೇನೋ ಎಂದು ಕೆಮ್ಮು ತಡೆದು ತಡೆದು ಒಂದು ದಿನ ಕಣ್ಣಲ್ಲಿ ನೀರು ಬಂತು. ನಮ್ಮ ಕೆಲಸದ ರೀತಿ ನಿಮಗೆ ಗೊತ್ತಲ್ಲ, ಬೆಳಿಗ್ಗೆ ರಾಶಿ, ಮಧ್ಯಾಹ್ನ ಖಾಲಿ. ವಾರ್ಡುಗಳಿಂದ ತಳ್ಳುಗಾಡಿ ಬರುವ ಹೊತ್ತಿಗೆ ಉಸಿರಾಡಲು ಪುರುಸೊತ್ತಿಲ್ಲ, ಊಟ ಮುಗಿದ ಮೇಲೆ ಮಷಿನ್‌ಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ. ಅವು ಹಾಗೆ ಕೂತಾಗ ಹುಡುಗಿ ಬರೆದುಕೊಂಡಳು. ಅವಳು ಬರೆದುಕೊಂಡದ್ದನ್ನು ಗಡಿಬಿಡಿ ನೋಡಿದಳು.

ನೋಡಿದವಳೇ ನಮ್ಮನ್ನೆಲ್ಲ ಸೋಪುಪುಡಿ ಮೂಟೆಗಳ ಹಿಂದಕ್ಕೆ ಕರೆದಳು. "ಮಷಿನ್ ನಿಂತ್ರೆ ನಮ್ಮನ್ನೂ ನಿಲ್ಲಿಸ್ತಾರೆ ಕಣ್ರೇ, ಅಷ್ಟೂ ಗೊತ್ತಾಗಲ್ವಾ?" ಎಂದಳು. ಮಧ್ಯಾಹ್ನ ಒಗೆಯಲು ಏನಿದೆ ಎಂದು ನಾನು ಕೇಳಿದೆ. ಅವಳು ಕಪಾಟಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಒಗೆದು, ಇಸ್ತ್ರಿ ಮಾಡಿ, ಮಡಚಿ ಜೋಡಿಸಿದ ಬೆಡ್‌ಶೀಟುಗಳು ಇದ್ದವು. ಅತ್ತೆ, ಈಗ ನೀವು ಕೋಲು ಎತ್ತುತ್ತೀರಿ ಎಂದು ಗೊತ್ತು. ಆದರೂ ಹೇಳಿಬಿಡುತ್ತೇನೆ. ನಾವು ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆವು. ಒಂದು ದಿನವಲ್ಲ, ದಿನಾ ಮಧ್ಯಾಹ್ನ. ಬಾಯ್ಲರ್ ಮಾಮ ಮಾತ್ರ, "ಹಾಲು ಕಾಯಿಸಿದ್ದನ್ನೇ ಕಾಯಿಸಿದ ಹಾಗಾಯ್ತಲ್ಲ, ಕೊನೆಗೆ ಪಾತ್ರೆ ಒಂದೇ ಉಳಿಯೋದು" ಎಂದು ಗೊಣಗಿದರು, ಗೊಣಗುತ್ತಲೇ ಹಬೆ ಬಿಟ್ಟರು. ನಾನು ಸೇರಿದ ಮೊದಲ ವಾರ ಎಲ್ಲದಕ್ಕೂ ನಡುಗುತ್ತಿದ್ದಾಗ ನೀವು, "ಚಿಂತೆ ಮಾಡೋದಿದ್ರೆ ಮಾಡು, ಯಾರು ಬೇಡ ಅಂದ್ರು, ಕೈ ಮಾತ್ರ ನಿಲ್ಲಿಸಬೇಡ" ಎಂದಿದ್ದಿರಿ. ಅದನ್ನೇ ನೆನೆಸಿಕೊಂಡು ಕೈ ನಿಲ್ಲಿಸದೆ ದುಡಿದೆ. ಅಷ್ಟು ಬೆವರು ಸುರಿಸಿ ಅಷ್ಟು ಕೆಲಸಕ್ಕೆ ಬಾರದ ಕೆಲಸವನ್ನು ಈ ಜನ್ಮದಲ್ಲಿ ಮಾಡಿರಲಿಲ್ಲ. ಇನ್ನೂ ವಿಚಿತ್ರ ಏನೆಂದರೆ, ಆ ದಿನಗಳಲ್ಲಿ ನನಗೆ ಸ್ವಲ್ಪ ಧೈರ್ಯವೂ ಬಂದಿತ್ತು. ಮಷಿನ್ ಗರಗರ ಎನ್ನುತ್ತಿದೆ, ಹುಡುಗಿ ಬರೆದುಕೊಳ್ಳುತ್ತಿದ್ದಾಳೆ, ಇನ್ನೇನು ಭಯ ಎಂದುಕೊಂಡಿದ್ದೆ.

ಒಣಗಿಸುವ ಮಷಿನ್ ಒಂದೇ ಇರುವುದು, ಅದೂ ಮುದುಕ, ಎರಡು ತೊಳೆಯುವ ಮಷಿನ್‌ಗಳ ವೇಗಕ್ಕೆ ಅದು ಯಾವತ್ತೂ ಸಮನಾಗಿಲ್ಲ. ಒದ್ದೆ ಬಟ್ಟೆ ತೊಟ್ಟಿಗಳಲ್ಲಿ ಗುಡ್ಡೆ ಬೀಳತೊಡಗಿತು. ಕಪಾಟು ಖಾಲಿಯಾಗುತ್ತಾ ಬಂತು. ಅದನ್ನು ಕಂಡೂ ನಾವು ಕಾಣದವರ ಹಾಗೆ ಇದ್ದೆವು. ಆಗ ಒಂದು ಮಧ್ಯಾಹ್ನ ಯಾವುದೋ ಶಾಲೆಯ ಮಕ್ಕಳು ಕೆಟ್ಟ ನೀರು ಕುಡಿದು ವಾಂತಿ ಭೇದಿಯಾಗಿ ಒಟ್ಟಿಗೆ ಬಂದರು. ಮಕ್ಕಳ ವಾರ್ಡಿನಿಂದ ಆಯಾ ಓಡಿ ಬಂದು ಇರುವಷ್ಟು ಬೆಡ್‌ಶೀಟ್ ಕೊಡಿ ಎಂದಳು. ಇರುವಷ್ಟೂ ನೀರಿನಲ್ಲಿದ್ದವು. ಕಪಾಟಿನಲ್ಲಿ ಕೈಯಾಡಿಸಿದರೆ ದಿಂಬಿನ ಕವರುಗಳು ಬಿಟ್ಟು ಏನೂ ಸಿಗಲಿಲ್ಲ. ನಾನು ಅವನ್ನೇ ಬಾಚಿ ತೆಗೆದುಕೊಂಡು ಮೇಲೆ ಓಡಿದೆ. ಏನಾದರೂ ಕೊಡಬೇಕಲ್ಲ. ಹೋಗಿ ನೋಡಿದರೆ ಮಕ್ಕಳು ಬರೀ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿದ್ದವು. ಬೆವರಿಗೆ ಬೆನ್ನು ಅಂಟಿಕೊಂಡು, ಹೊರಳಿದಾಗ ಚರ್ಮ ಕಿತ್ತ ಹಾಗೆ ಸದ್ದು ಬರುತ್ತಿತ್ತು. ಒಂದು ಮಗು ತಾನು ಮಾಡಿಕೊಂಡ ಒದ್ದೆಯಲ್ಲೇ ಮಲಗಿ, ಯಾರನ್ನೂ ಕರೆಯದೆ ಸುಮ್ಮನೆ ಮೇಲೆ ನೋಡುತ್ತಿತ್ತು. ನರ್ಸುಗಳು ತಮ್ಮ ಶಾಲುಗಳನ್ನು ಹಾಸುತ್ತಿದ್ದರು.

ಆ ವಾರ್ಡಿನ ಹಿರಿಯ ನರ್ಸಮ್ಮ ನಿಮಗೆ ಗೊತ್ತು, ಗದರಿದರೆ ಕಿಟಕಿ ಗಾಜು ಅದುರುವ ಜಾತಿ. ಅವರು ಅವತ್ತು ಗದರಲಿಲ್ಲ. ನನ್ನ ಹಿಂದೆಯೇ ಕೆಳಗೆ ಇಳಿದು ಬಂದರು. ಓಡುತ್ತಿದ್ದ ಮಷಿನ್‌ಗಳನ್ನು ನೋಡಿದರು, ತೊಟ್ಟಿಗಳನ್ನು ನೋಡಿದರು. ಏನಾಗಿದೆ ಎಂದು ಅವರಿಗೆ ಅರ್ಥವಾಯಿತೋ ಇಲ್ಲವೋ ನನಗೆ ತಿಳಿಯದು. "ನನಗೆ ನಿಮ್ಮ ಮಷಿನ್ ಓಡೋದು ಬೇಡಮ್ಮ. ನನಗೆ ಒಣಗಿದ ಬೆಡ್‌ಶೀಟ್ ಬೇಕು" ಎಂದು ಮೆಲ್ಲಗೆ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಏನಾದರೂ ಎದುರು ಹೇಳಬಹುದು. ನಾವು ಹಬೆಯ ಪೈಪುಗಳ ಮೇಲೆ, ಕಿಟಕಿ ಸರಳುಗಳ ಮೇಲೆ, ಬಾಯ್ಲರ್ ಕೋಣೆಯ ಬಾಗಿಲ ಮೇಲೆ, ಎಲ್ಲೆಲ್ಲಿ ಬಿಸಿ ಇತ್ತೋ ಅಲ್ಲೆಲ್ಲ ಹರಡಿ, ಒಣಗಿದ್ದನ್ನು ಒಣಗಿದ ಹಾಗೆ ಇಸ್ತ್ರಿಯಿಲ್ಲದೆ ಮೇಲೆ ಹೊತ್ತೆವು. ಸಂಜೆ ಹೊತ್ತಿಗೆ ಎಲ್ಲ ಹಾಸಿಗೆಗೂ ಬಟ್ಟೆ ಬಂತು. ಮಕ್ಕಳು ಒಂದೆರಡು ದಿನದಲ್ಲಿ ಮನೆಗೂ ಹೋದವು. ಆದರೆ ಆ ಸುಮ್ಮನೆ ಮಲಗಿದ್ದ ಮಗು ನನ್ನ ಕಣ್ಣಿನಿಂದ ಹೋಗಲಿಲ್ಲ. ನಮ್ಮ ಕೆಲಸ ಹೋದೀತು ಎಂಬ ಹೆದರಿಕೆಯಲ್ಲಿ ನಾವು ಮಾಡಬೇಕಾದ ಕೆಲಸವನ್ನೇ ಬಿಟ್ಟಿದ್ದೆವು.

ಮರುದಿನ ನಾನು ಗಡಿಯಾರದ ಹುಡುಗಿಗೆ ಹೇಳಿಬಿಟ್ಟೆ. ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡಿ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಸ್ಟೂಲಿನ ಹತ್ತಿರ ಹೋಗಿ ನಿಂತೆ. ಇಷ್ಟು ದಿನ ನೀವು ಮಧ್ಯಾಹ್ನ ಬರೆದುಕೊಂಡದ್ದೆಲ್ಲ ಒಗೆದ ಬಟ್ಟೆ ಒಗೆದದ್ದು ಎಂದೆ. ಅವಳ ಪೆನ್ನು ನಿಂತಿತು. ಇದನ್ನು ನಾನು ಬರೆಯಲೇಬೇಕಾಗುತ್ತದೆ ಎಂದಳು. ಬರೆಯಿರಿ ಎಂದೆ. ನನ್ನ ಮುಖವನ್ನೇ ನೋಡಿ, "ಅಲ್ಲಾ, ಯಾಕೆ ಹೇಳಿದ್ರಿ ಇದನ್ನ?" ಎಂದಳು. "ಹೇಳದಿದ್ರೆ ನಂಗೆ ನಿದ್ದೆ ಬರಲ್ಲ ಮೇಡಂ" ಎಂದೆ. ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇರಲಿಲ್ಲ.

ನಾನು ಹೇಳಿದ್ದು ಎಲ್ಲರಿಗೂ ತಿಳಿದುಹೋಯಿತು, ಅವತ್ತಿನಿಂದ ನನ್ನನ್ನು ದೂರ ಇಟ್ಟರು. ಮಡಚುವ ಮೇಜಿನಲ್ಲಿ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯಲು ಯಾರೂ ಎದುರು ನಿಲ್ಲಲಿಲ್ಲ. ಒಬ್ಬಳೇ ಮೇಜಿನ ಮೇಲೆ ಹರಡಿ, ಗಲ್ಲದಿಂದ ಒತ್ತಿ ಹಿಡಿದು, ಸೊಟ್ಟಸೊಟ್ಟಗೆ ಮಡಚುತ್ತಿದ್ದೆ. ನಾನು ಹತ್ತಿರ ಹೋದರೆ ಗಡಿಬಿಡಿ, "ಸರೀರಿ ಸರೀರಿ, ಸತ್ಯವಂತೆ ಬಂದ್ರು, ನಮ್ಮ ಕೊಳೆ ತಾಗೀತು" ಎನ್ನುತ್ತಿದ್ದಳು. ಬಾಯ್ಲರ್ ಮಾಮ ಒಬ್ಬರೇ ಮಾತಾಡಿಸಿದ್ದು. "ನೀನು ಹೇಳಿದ್ದು ಸರಿ ಕಣಮ್ಮ. ಆದ್ರೆ ನನ್ನನ್ನ ಕೇಳಿದ್ದಿದ್ರೆ ಬೇಡ ಅಂತಿದ್ದೆ" ಎಂದರು. ಅದನ್ನು ಸಮಾಧಾನ ಎಂದುಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಮನೆಗೆ ಬಂದು ನಿಮ್ಮ ಮಗನಿಗೆ ಹೇಳಿದರೆ ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಅವರ ಬಸ್ ಡಿಪೋದಲ್ಲೂ ಈಗ ಒಂದು ವಾರ ಕೆಲಸ ಇದ್ದರೆ ಒಂದು ವಾರ ಇಲ್ಲ. ಎರಡೂ ಕಡೆ ನೆಲ ಅಲ್ಲಾಡುವಾಗ ನೀನೇ ಹೋಗಿ ಗುದ್ದಲಿ ಹಾಕಿದೆಯಲ್ಲ ಎಂದರು.

ಆ ಹೊತ್ತಿಗೆ ನನಗೆ ಒಂದು ಹಟ ಹುಟ್ಟಿತು ಅತ್ತೆ. ಎಲ್ಲಿಂದ ಬಂತೋ ಕಾಣೆ. ಹೇಗಿದ್ದರೂ ಮುಚ್ಚುವುದಾದರೆ ಮುಚ್ಚಲಿ, ಮುಚ್ಚುವ ದಿನದವರೆಗೆ ಒಣಗಿದ ಬೆಡ್‌ಶೀಟ್ ಇಲ್ಲ ಎಂದು ಯಾರಿಂದಲೂ ಹೇಳಿಸಿಕೊಳ್ಳಬಾರದು. ಮೊದಲ ಮಷಿನ್ ತುಂಬುವ ಮುಂಚೆ ಒಂದೊಂದೇ ವಾರ್ಡಿಗೆ ಹೋಗಿ ಇವತ್ತು ಏನು ಬೇಕು ಎಂದು ಕೇಳಿಕೊಂಡು ಬರಲು ಶುರು ಮಾಡಿದೆ. ಇಷ್ಟು ವರ್ಷ ತಳ್ಳುಗಾಡಿಯಲ್ಲಿ ಬಂದದ್ದನ್ನು ಒಗೆದಿದ್ದೇವೆ, ಏನು ಬೇಕು ಎಂದು ಯಾರನ್ನೂ ಕೇಳಿದವರಲ್ಲ. ಮೊದಲ ದಿನ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು ಒಳಗೆ ಕಾಲಿಡಲಾಗದೆ ವಾಪಸು ಬಂದೆ. ಮೆಟ್ಟಿಲ ಹತ್ತಿರ ನೀರು ಕುಡಿದು ಮತ್ತೆ ಹೋದೆ. ಏನಮ್ಮಾ ಎಂದು ಅಲ್ಲಿಯ ನರ್ಸು ಕೇಳಿದ್ದೇ ತಡ, ಇವತ್ತು ಎಷ್ಟು ಹೆರಿಗೆ ಇದೆ ಎಂದು ಕೇಳಿಬಿಟ್ಟೆ. ಅದನ್ನ ಹೊಟ್ಟೆಯಲ್ಲಿರೋರನ್ನೇ ಕೇಳಬೇಕು ಎಂದು ಅವಳು ನಕ್ಕಳು. ಅವಳು ನಕ್ಕ ಮೇಲೆ ಎಲ್ಲ ಸಲೀಸಾಯಿತು. ಈಗ ಅವರೇ ನನ್ನ ದಾರಿ ಕಾಯುತ್ತಾರೆ. ಆಪರೇಷನ್ ಕೋಣೆಯವರಿಗೆ ಹಸಿರು ಬಟ್ಟೆ ಯಾವ ದಿನ ಹೆಚ್ಚು ಬೇಕು, ಮುದುಕರ ವಾರ್ಡಿನಲ್ಲಿ ಯಾವ ಹಾಸಿಗೆ ಪದೇಪದೇ ಒದ್ದೆಯಾಗುತ್ತದೆ, ಎಲ್ಲ ನನ್ನ ತಲೆಯಲ್ಲಿ ಕೂತಿದೆ. ಇಲ್ಲದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳುವ ನನ್ನ ಚಾಳಿಗೆ ಈಗ ಹಚ್ಚಿಕೊಳ್ಳಲು ಇರುವ ಸಂಗತಿಗಳೇ ಬೇಕಾದಷ್ಟು ಸಿಕ್ಕಿವೆ.

ಮಧ್ಯಾಹ್ನ ಬಟ್ಟೆ ಮುಗಿದರೆ ಮಷಿನ್ ನಿಲ್ಲಿಸಿದೆವು. ಹುಡುಗಿಯ ಎದುರೇ ನಿಲ್ಲಿಸಿದೆವು. ಮೊದಲ ದಿನ ಆ ಸದ್ದು ನಿಂತಾಗ ಕೋಣೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಯಾರೋ ತೀರಿಕೊಂಡ ಮನೆಯ ಹಾಗೆ ಇತ್ತು. ನಾನು ಹಿಂದಿನ ಕೋಣೆಯಿಂದ ಹರಿದ ಬಟ್ಟೆಗಳ ಮೂಟೆ ಎಳೆದು ತಂದೆ. ಬಿಸಾಡಬೇಕೆಂದು ಇಟ್ಟ ಬೆಡ್‌ಶೀಟುಗಳು, ಗುಂಡಿ ಕಿತ್ತುಹೋದ ಗೌನುಗಳು, ವರ್ಷಗಟ್ಟಲೆ ಬಿದ್ದದ್ದು. ಸೂಜಿ ಹಿಡಿದು ಒಬ್ಬಳೇ ಕೂತೆ. ನನ್ನ ಹೊಲಿಗೆ ನಿಮಗೆ ಗೊತ್ತು, ಕೋಳಿ ಕೆದರಿದ ಹಾಗೆ ಇರುತ್ತದೆ. ಗಡಿಬಿಡಿ ಎರಡು ದಿನ ದೂರದಿಂದ ನೋಡಿದಳು. ಮೂರನೆಯ ದಿನ ಬಂದು ನನ್ನ ಕೈಯಿಂದ ಕಿತ್ತುಕೊಂಡು, "ಕೊಡಿ ಇಲ್ಲಿ. ನಮ್ಮನ್ನ ಬೀದಿಗೆ ತಂದದ್ದು ಸಾಲದು ಅಂತ ಬಟ್ಟೆ ಮರ್ಯಾದೆನೂ ತೆಗೀತಿದ್ದೀರಿ" ಎಂದಳು. ಮೂಲೆಯಲ್ಲಿ ಧೂಳು ಹಿಡಿದಿದ್ದ ಹೊಲಿಗೆ ಮಷಿನ್ ಒರೆಸಿ, ಎಣ್ಣೆ ಬಿಟ್ಟು, ಕೂತಳು ನೋಡಿ. ಅವಳ ಗಡಿಬಿಡಿಗೆ ಸರಿಯಾದ ಜಾಗ ಅದೇ. ಸವೆದ ಬೆಡ್‌ಶೀಟಿನ ನಡುಭಾಗ ಕತ್ತರಿಸಿ ತೆಗೆದು, ಗಟ್ಟಿ ಇರುವ ಅಂಚುಗಳನ್ನು ಕೂಡಿಸಿ, ಎಳೆಮಕ್ಕಳನ್ನು ಸುತ್ತುವ ಬಟ್ಟೆ ಮಾಡಿದಳು. ಹೆರಿಗೆ ವಾರ್ಡಿನವರು ಇನ್ನೂ ಬೇಕು ಎಂದು ಹೇಳಿ ಕಳಿಸಿದ್ದಾರೆ. ಅವತ್ತು ಸಂಜೆ ಅವಳೇ ಬಂದು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದಳು.

ಇಷ್ಟರಲ್ಲಿ ಆ ಕಂಪನಿಯ ಮನುಷ್ಯ ಗೇಟಿನ ಹತ್ತಿರ ಸಿಕ್ಕಿದ. ಮರ್ಯಾದಸ್ಥನೇ, ಅಕ್ಕಾ ಎಂದೇ ಮಾತಾಡಿಸಿದ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಯಾಕೆಂದರೆ ನನ್ನ ಇಡೀ ಸಂಕಟ ಅದರಲ್ಲೇ ಇದೆ. "ನಮ್ಮಲ್ಲಿ ಒಗೆಯೋದು ಒಣಗಿಸೋದು ಮಡಚೋದು ಎಲ್ಲಾ ಮಷಿನ್ನೇ ಅಕ್ಕಾ. ಆದ್ರೆ ಯಾವ ವಾರ್ಡಿಗೆ ಯಾವಾಗ ಏನು ಬೇಕು ಅಂತ ಗೊತ್ತಿರೋರು ಯಾರಿದ್ದಾರೆ ನಿಮ್ಮಲ್ಲಿ ಅಂತ ಆಸ್ಪತ್ರೆಯೋರು ಪಟ್ಟು ಹಿಡಿದಿದ್ದಾರೆ. ನೀವೊಬ್ರು ನಮ್ಮ ಕಡೆ ಬಂದ್ರೆ ಆ ಮಾತು ಮುಗೀತು" ಎಂದ. ಬಸ್ಸಿನಲ್ಲಿ ಕೂತ ಮೇಲೆ ನನಗೆ ಅದು ಪೂರ್ತಿ ಅರ್ಥವಾಯಿತು. ನಾನು ಹೋದರೆ ನನಗೆ ಕೆಲಸ ಸಿಗುತ್ತದೆ, ಅದೇ ಹೆಜ್ಜೆಗೆ ನಮ್ಮ ಲಾಂಡ್ರಿಯ ಬಾಗಿಲು ಮುಚ್ಚುತ್ತದೆ. ಮಾಮನನ್ನು, ಗಡಿಬಿಡಿಯನ್ನು, ಮೇಜಿನ ಹೆಂಗಸರನ್ನು ಅವರು ಕರೆದಿಲ್ಲ, ಕರೆಯುವುದೂ ಇಲ್ಲ. ನನ್ನಂಥ ಪುಕ್ಕಲಿ ಹೂಂ ಎನ್ನುವುದಕ್ಕೆ ಇಷ್ಟು ತೂಕ ಇದೆ ಎಂದು ಯಾರು ಅಂದುಕೊಂಡಿದ್ದರು?

ನಿಮ್ಮ ಮಗನ ಮೇಲೆ ನನಗೆ ಸಿಟ್ಟಿಲ್ಲ, ನೀವೂ ಸಿಟ್ಟಾಗಬೇಡಿ. ಅವರು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಹೇಳಿದ್ದು ಬೇರೆ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ ಎಂದರು, "ಒಂದು ದಿನವಾದ್ರೂ ನೀನು ಹೆದರಿಕೊಳ್ಳದೆ ಮಲಗೋದನ್ನ ನೋಡ್ಬೇಕು ನಾನು. ಅದಕ್ಕೆ ಹೋಗು ಅಂತಿದ್ದೀನಿ." ನಾನು ಒಳಗೆ ಹೋಗಿ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೇನೆ ಎಂದು ಗೊತ್ತಾಗಿ ನಗು ಬಂತು. ಆದರೆ ಅಲ್ಲೇ ನಿಂತು ಯೋಚಿಸಿದೆ. ಆ ಖಾಯಂ ಕುರ್ಚಿಯಲ್ಲಿ ಕೂತರೆ ನನ್ನ ಹೆದರಿಕೆ ಹೋಗುತ್ತದೆಯೇ? ಹೋಗುವುದಿಲ್ಲ ಅತ್ತೆ. ಅದು ನನ್ನ ಜೊತೆ ಬಸ್ಸು ಹತ್ತಿ ಅಲ್ಲಿಗೂ ಬರುತ್ತದೆ, ನನ್ನ ಪಕ್ಕದಲ್ಲೇ ಕೂರುತ್ತದೆ. ಅಲ್ಲಿಯೂ ಯಾವತ್ತೋ ಒಂದು ದಿನ ಗಡಿಯಾರ ಹಾಕಿಕೊಂಡವರು ಬಂದೇ ಬರುತ್ತಾರೆ. ಇಷ್ಟು ವರ್ಷದಲ್ಲಿ ನನ್ನ ಹೆದರಿಕೆ ಸ್ವಲ್ಪವಾದರೂ ಮೂಲೆ ಸೇರಿದ್ದು ಈ ಕೆಲವು ವಾರಗಳಲ್ಲಿ, ಬೆಳಿಗ್ಗೆ ವಾರ್ಡುಗಳನ್ನು ಸುತ್ತುವ ಹೊತ್ತಿನಲ್ಲಿ. ಮುಂದಿನ ತಿಂಗಳು ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಮಕ್ಕಳ ವಾರ್ಡಿಗೆ ಏನು ಬೇಕು ಎಂದು ಗೊತ್ತು. ಅಷ್ಟು ಗೊತ್ತಿದ್ದರೆ ಎದ್ದು ಮುಖ ತೊಳೆದು ಹೊರಡಬಹುದು.

ಗುರುವಾರದ ಮೀಟಿಂಗಿಗೆ ಲಾಂಡ್ರಿಯ ಕಡೆಯಿಂದ ಒಬ್ಬರು ಬಂದು ಮಾತಾಡಬಹುದು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದಾರೆ. ಯಾರು ಹೋಗುವುದು ಎಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಇಂಗ್ಲಿಷ್ ಬರುವುದಿಲ್ಲ, ದೊಡ್ಡವರ ಮುಂದೆ ನಿಂತರೆ ಮಾತು ತಡವರಿಸುತ್ತದೆ ಎಂದೆ. "ಬೇಡದಾಗ ಮಾತಾಡೋಕೆ ಬಂತು, ಈಗ ಬರಲ್ವಾ?" ಎಂದಳು ಗಡಿಬಿಡಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಡಿಯಾರದ ಹುಡುಗಿಯ ಕೆಲಸ ಮುಗಿಯಿತು, ಶುಕ್ರವಾರ ಹೇಳಿಹೋಗಲು ಬಂದಿದ್ದಳು. ನೋಡಿದ್ದೆಲ್ಲವನ್ನೂ ಬರೆದಿದ್ದೇನೆ, ಒಗೆದದ್ದನ್ನು ಒಗೆದದ್ದೂ ಇದೆ, ಆಮೇಲಿನದ್ದೂ ಇದೆ ಎಂದಳು. ಒಳ್ಳೆಯದಾಗುತ್ತದೆ ಎಂದು ಸುಳ್ಳು ಸಮಾಧಾನ ಹೇಳಲಿಲ್ಲ. ಅವಳ ಮೇಲೆ ನನಗೆ ಗೌರವ ಬಂತು.

ಬರೆದೂ ಬರೆದೂ ಕೈ ನೋಯುತ್ತಿದೆ. ಇವರು ಫ್ಯಾನು ಬಿಚ್ಚಿಕೊಂಡು ಕೂತಿದ್ದಾರೆ, ಕೆಟ್ಟಿರಲಿಲ್ಲ, ಸುಮ್ಮನಿರಲಾಗದೆ ಬಿಚ್ಚಿದ್ದಾರೆ. ಪದೇಪದೇ ಫೋನಿನ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ. ನೀವು ಇದನ್ನು ಓದುವ ಹೊತ್ತಿಗೆ ಏನಾಗಬೇಕೋ ಅದು ಆಗಿರುತ್ತದೆ. ನಾನು ಯಾವ ಕಡೆ ಹೋದರೂ ನಿಮ್ಮ ಕೈ ನನ್ನ ತಲೆಯ ಮೇಲಿರಲಿ. ನಾದಿನಿಗೂ ಅವಳ ಮನೆಯವರಿಗೂ ನಮ್ಮೆಲ್ಲರ ನೆನಪು ಹೇಳಿ. ಮೊಮ್ಮಗಳು ಅಜ್ಜಿಗೆ ಮುತ್ತು ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದಾಳೆ. ಕಾಲು ಪೂರ್ತಿ ವಾಸಿಯಾಗುವ ತನಕ ಅಲ್ಲಿಂದ ಹೊರಡುವ ಮಾತೇ ಎತ್ತಬೇಡಿ.

ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಸೊಸೆ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಫೋನ್ ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ, ನಾಳೆ ಮೊದಲ ಅಂಚೆಗೇ ಇದು ಹೋಗಬೇಕು. "ನಾನು ಬರೋದಿಲ್ಲ ಸಾರ್. ಗುರುವಾರ ನಮ್ಮ ಲಾಂಡ್ರಿ ಪರವಾಗಿ ಮಾತಾಡೋಳು ನಾನೇ" ಎಂದೆ. ಲಾಂಡ್ರಿ ಮುಚ್ಚಿದರೆ ಮತ್ತೆ ನಿಮ್ಮನ್ನು ಕರೆಯುವುದಿಲ್ಲ, ಯೋಚನೆ ಮಾಡಿ ಎಂದ. ಯೋಚನೆ ಮಾಡಿಯೇ ಹೇಳಿದ್ದು ಎಂದೆ. ಫೋನ್ ಇಟ್ಟ ಮೇಲೆ ಅಲ್ಲೇ ನೆಲದ ಮೇಲೆ ಕೂತೆ. ಇವರು ಎದ್ದು ಹೊರಗೆ ಹೋದರು. ಈಗ ಬಂದು, "ಗುರುವಾರ ಎಷ್ಟು ಹೊತ್ತಿಗೆ ನಿನ್ನ ಮೀಟಿಂಗು? ಗೇಟಿನ ತನಕ ನಾನೂ ಬರ್ತೀನಿ" ಎಂದರು. ಆದ್ದರಿಂದ ನೀವು ನನಗೆ ಹೇಳಬೇಕೆಂದಿದ್ದ ಬುದ್ಧಿಮಾತು ಏನಿದ್ದರೂ ಇನ್ನು ಬೇಡ. ನನಗೆ ಬೇಕಾದದ್ದು ಬೇರೆ. ಇಸ್ತ್ರಿ ರೋಲರಿನ ಬೆಲ್ಟು ಎರಡು ದಿನದಿಂದ ಜಾರುತ್ತಿದೆ, ಮಾಮನ ಕೈಯಲ್ಲೂ ನಿಲ್ಲುತ್ತಿಲ್ಲ. ನಿಮ್ಮ ಕಾಲದಲ್ಲಿ ನೀವು ಅದಕ್ಕೆ ಏನೋ ಸವರಿ ನಿಲ್ಲಿಸುತ್ತಿದ್ದಿರಂತೆ. ಏನದು, ಎಷ್ಟು ಸವರಬೇಕು, ಒಳಮೈಗೋ ಹೊರಮೈಗೋ? ಪತ್ರ ಮಂಗಳವಾರ ಸಿಗುತ್ತದೆ, ಸಿಕ್ಕ ಕೂಡಲೇ ಫೋನ್ ಮಾಡಿ ತಿಳಿಸಿ. ಗುರುವಾರ ಬೆಳಿಗ್ಗೆ ಎಲ್ಲ ವಾರ್ಡಿಗೂ ಇಸ್ತ್ರಿಯಾದ ಬೆಡ್‌ಶೀಟ್ ತಲುಪಿಸಿ, ಆಮೇಲೆ ನಾನು ಮಾತಾಡಲು ಹೋಗಬೇಕು.